‘ಲಾರ’ ಮತ್ತು ‘ಒಲ್ಲ’: ಚಂಚಲ ಮಗುವಿನ ವರ್ತನೆಗೆ ತಾಯಿ–ಮಕ್ಕಳು ಹೇಳುವ ಕಾರಣಗಳು

೧

ಹರಿಯಾಣ ರಾಜ್ಯದ ಗುರುಗ್ರಾಮ ಜಿಲ್ಲೆಯಲ್ಲಿ, ಅರಾವಳಿ ಬೆಟ್ಟಸಾಲಿನ ತಪ್ಪಲಲ್ಲಿ, ದೆಹಲಿಯಿಂದ ಜಯಪುರಕ್ಕೆ ಹೋಗುವ ಹೆದ್ದಾರಿಯ ಮೇಲೆ ಮಾನೇಸರ್ ಎಂಬ ಊರಿದೆ. ಮೋಟಾರು ವಾಹನಗಳ ಕಾರ್ಖಾನೆಗಳಿಂದ ಹೆಸರಾದ ಈ ಊರಿಗೂ ಕನ್ನಡ ನುಡಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಗೆ ಸೇರಿದ, ೧೯೯೯ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ಇರುವುದು ಇಲ್ಲಿಯೇ. ಅದರ ಮೊದಲ ನಿರ್ದೇಶಕಿಯಾಗಿದ್ದ ವಿಜಯಲಕ್ಷ್ಮಿ ರವೀಂದ್ರನಾಥ್ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ವಿಭಾಗವನ್ನು ಕಟ್ಟಿದರು. ಇದೇ ಕೇಂದ್ರದಲ್ಲಿ ನಂದಿನಿ ಚಟರ್ಜಿ ಸಿಂಗ್ ಅವರ ನೇತೃತ್ವದಲ್ಲಿ, ಮಕ್ಕಳ ಓದುವ ತೊಂದರೆಯನ್ನು ಭಾರತೀಯ ಭಾಷೆಗಳಲ್ಲಿಯೇ ಗುರುತಿಸುವ ‘ಡಾಲಿ’ ಎಂಬ ಪರೀಕ್ಷಾಸಾಧನ ೨೦೧೦ರ ದಶಕದಲ್ಲಿ ರೂಪುಗೊಂಡಿತು. ಹಿಂದಿ, ಮರಾಠಿ ಮತ್ತು ಇಂಗ್ಲಿಷ್‌ಗಳ ಜೊತೆಗೆ ಅದು ಕನ್ನಡದಲ್ಲಿಯೂ ಸಿದ್ಧವಾಯಿತು. ಮಗುವನ್ನು ಅದರ ನುಡಿಯಲ್ಲಿಯೇ ಪರೀಕ್ಷಿಸಬೇಕು ಎಂಬುದು ಈ ಕಾರ್ಯದ ಹಿಂದಿನ ತತ್ತ್ವ.

ಈ ತತ್ತ್ವವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ಓದುವ ತೊಂದರೆಯಿರುವ ಎಷ್ಟೋ ಮಕ್ಕಳಲ್ಲಿ ಗಮನದ ತೊಂದರೆಯೂ ಜೊತೆಗಿರುತ್ತದೆ. ಎ.ಡಿ.ಎಚ್.ಡಿ. ಎಂದು ಸಂಕ್ಷೇಪವಾಗಿ ಕರೆಯಲಾಗುವ, ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಈ ತೊಂದರೆಯನ್ನು ರಕ್ತಪರೀಕ್ಷೆಯಿಂದಲೋ ಮೆದುಳಿನ ಚಿತ್ರದಿಂದಲೋ ನಿರ್ಣಯಿಸುವುದಿಲ್ಲ. ತಾಯಿ ಏನು ಹೇಳುತ್ತಾಳೆ, ಶಿಕ್ಷಕರು ಏನು ಹೇಳುತ್ತಾರೆ, ಮಗು ಏನು ಹೇಳುತ್ತದೆ ಎಂಬುದನ್ನು ಕೇಳಿ, ಮಗುವನ್ನು ನೋಡಿ ನಿರ್ಣಯಿಸುತ್ತಾರೆ. ಎಂದರೆ ಇಲ್ಲಿ ವೈದ್ಯನ ಮುಂದಿರುವ ಮುಖ್ಯ ಸಾಮಗ್ರಿ ಮಾತು. ಕನ್ನಡದ ಮನೆಯಲ್ಲಿ ಅದು ಕನ್ನಡದ ಮಾತು. ಆ ಮಾತು ಮಗುವಿನ ವರ್ತನೆಗೆ ಕಾರಣವನ್ನು ಹೇಗೆ ಹೇಳುತ್ತದೆ, ಹಾಗೆ ಹೇಳುವಾಗ ಕನ್ನಡದ ವ್ಯಾಕರಣ ಮತ್ತು ಶಬ್ದಸಂಪತ್ತು ಯಾವುದನ್ನು ಬೆಳಗಿಸುತ್ತವೆ, ಯಾವುದನ್ನು ಮರೆಮಾಡುತ್ತವೆ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮಗು ‘ಮಾಡಲಾರದು’ ಎನ್ನುವುದಕ್ಕೂ ‘ಮಾಡಲೊಲ್ಲದು’ ಎನ್ನುವುದಕ್ಕೂ ಕನ್ನಡದಲ್ಲಿ ಸ್ಪಷ್ಟವಾದ ಭೇದವಿದೆ. ದಿನಬಳಕೆಯ ಮಾತಿನಲ್ಲಿ ಆ ಭೇದ ಮಸುಕಾಗಿದೆ. ತಾಯಿ–ಮಕ್ಕಳ ನಡುವಿನ ಬಹುಪಾಲು ವೈಮನಸ್ಯ ಈ ಮಸುಕಿನಲ್ಲಿಯೇ ಹುಟ್ಟುತ್ತದೆ ಎಂಬುದು ಇಲ್ಲಿಯ ಪ್ರತಿಪಾದನೆ.

೨

ಮೊದಲು ತೊಂದರೆಯ ಸ್ವರೂಪವನ್ನು ಸಂಕ್ಷೇಪವಾಗಿ ನೋಡಬೇಕು. ಅಮೆರಿಕದ ಮನೋವೈದ್ಯರ ಸಂಘ ೨೦೧೩ರಲ್ಲಿ ಪ್ರಕಟಿಸಿದ ಐದನೆಯ ಕೈಪಿಡಿಯಲ್ಲಿ ಗಮನದ ಕೊರತೆಗೆ ಒಂಬತ್ತು, ಅತಿಚಟುವಟಿಕೆ ಮತ್ತು ದುಡುಕಿಗೆ ಒಂಬತ್ತು ಲಕ್ಷಣಗಳನ್ನು ಹೇಳಿದೆ. ಮಕ್ಕಳಲ್ಲಿ ಯಾವುದಾದರೂ ಒಂದು ಗುಂಪಿನ ಆರು ಲಕ್ಷಣಗಳಾದರೂ ಆರು ತಿಂಗಳಿನಿಂದ ಇರಬೇಕು. ಅವುಗಳಲ್ಲಿ ಕೆಲವು ಹನ್ನೆರಡು ವರ್ಷಕ್ಕೆ ಮೊದಲೇ ತೋರಿರಬೇಕು. ಮನೆ, ಶಾಲೆ ಮೊದಲಾದ ಎರಡಕ್ಕಿಂತ ಕಡಿಮೆಯಲ್ಲದ ಎಡೆಗಳಲ್ಲಿ ಕಾಣಬೇಕು. ಮಗುವಿನ ಬದುಕಿಗೆ ಅಡ್ಡಿಯಾಗಿರಬೇಕು. ಜಗತ್ತಿನ ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿದಾಗ ಶಾಲಾ ವಯಸ್ಸಿನ ಮಕ್ಕಳಲ್ಲಿ ಸುಮಾರು ಶೇಕಡಾ ೫ರಷ್ಟು ಮಂದಿಯಲ್ಲಿ ಈ ತೊಂದರೆ ಕಂಡುಬಂದಿದೆ. ಅವಳಿ ಮಕ್ಕಳ ಅಧ್ಯಯನಗಳು ಇದರಲ್ಲಿ ಅನುವಂಶೀಯತೆಯ ಪಾಲು ಬಹಳ ದೊಡ್ಡದೆಂದು ತೋರಿಸಿವೆ. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಬೆಂಗಳೂರಿನ ನಗರ ಮತ್ತು ಗ್ರಾಮಾಂತರ ಭಾಗಗಳ ೨೦೬೪ ಮಕ್ಕಳನ್ನು ಕುರಿತ ಸಮೀಕ್ಷೆಯೊಂದು ೨೦೦೫ರಲ್ಲಿ ಪ್ರಕಟವಾಯಿತು. ಹದಿನಾರು ವರ್ಷದೊಳಗಿನ ಆ ಮಕ್ಕಳಲ್ಲಿ ಶೇಕಡಾ ೧೨.೫ರಷ್ಟು ಮಂದಿಗೆ ಒಂದಲ್ಲ ಒಂದು ಬಗೆಯ ಮಾನಸಿಕ ತೊಂದರೆ ಇತ್ತು. ಇಷ್ಟು ಮನೆಗಳಲ್ಲಿ ಮಗುವಿನ ವರ್ತನೆಗೆ ಕಾರಣ ಹೇಳುವ ಮಾತು ದಿನವೂ ನಡೆಯುತ್ತಿರುತ್ತದೆ.

ಈ ತೊಂದರೆಗೆ ಬಂದ ಹೆಸರುಗಳ ಚರಿತ್ರೆಯೇ ಕಾರಣಗಳ ಚರಿತ್ರೆಯೂ ಆಗಿದೆ. ಜಾರ್ಜ್ ಸ್ಟಿಲ್ ಎಂಬ ವೈದ್ಯ ೧೯೦೨ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್‌ನಲ್ಲಿ ಉಪನ್ಯಾಸಗಳನ್ನು ಕೊಟ್ಟು, ೪೩ ಮಕ್ಕಳ ಸ್ಥಿತಿಯನ್ನು ವಿವರಿಸಿದ. ಅವನು ಅದನ್ನು ನೈತಿಕ ನಿಯಂತ್ರಣದ ದೋಷವೆಂದು ಕರೆದ. ಬುದ್ಧಿ ಸರಿಯಿದ್ದೂ ತನ್ನನ್ನು ತಾನು ತಡೆದುಕೊಳ್ಳಲಾರದ ಮಕ್ಕಳನ್ನು ಅವನು ಕಂಡಿದ್ದ. ಆದರೆ ಅವರಿಗೆ ಕೊಟ್ಟ ಹೆಸರಿನಲ್ಲಿ ನೀತಿಯ ಮಾತು ಉಳಿದುಕೊಂಡಿತು. ಅಮೆರಿಕದ ಕೈಪಿಡಿ ೧೯೬೮ರಲ್ಲಿ ಇದನ್ನು ಬಾಲ್ಯದ ಅತಿಚಲನೆಯ ಪ್ರತಿಕ್ರಿಯೆ ಎಂದಿತು. ೧೯೮೦ರಲ್ಲಿ ಗಮನದ ಕೊರತೆಯನ್ನು ಹೆಸರಿನಲ್ಲಿಯೇ ತಂದಿತು. ೧೯೮೭ರಲ್ಲಿ ಎರಡನ್ನೂ ಕೂಡಿಸಿತು. ಹೀಗೆ ವೈದ್ಯಶಾಸ್ತ್ರ ‘ಕೆಟ್ಟದ್ದು’ ಎಂಬಲ್ಲಿಂದ ‘ಕೊರತೆ’ ಎಂಬಲ್ಲಿಗೆ ಬರಲು ಬಹುಕಾಲ ಹಿಡಿಯಿತು. ಮನೆಯ ಮಾತು ಅದೇ ದಾರಿಯನ್ನು ಒಂದೆರಡು ವರ್ಷದಲ್ಲಿ ನಡೆಯಬೇಕೆಂದು ಈಗ ನಿರೀಕ್ಷಿಸಲಾಗುತ್ತಿದೆ.

ಕನ್ನಡದಲ್ಲಿ ಮನಸ್ಸಿನ ತೊಂದರೆಗಳನ್ನು ಕುರಿತ ಬರವಣಿಗೆಗೆ ಗೌರವದ ಪರಂಪರೆಯಿದೆ. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ ೧೯೭೬ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಜನಸಾಮಾನ್ಯರಿಗಾಗಿ ಅನೇಕ ಪುಸ್ತಕಗಳನ್ನು ಬರೆದರು. ವೈದ್ಯರು ಕನ್ನಡಕ್ಕೆ ಬಂದಿದ್ದಾರೆ. ಕನ್ನಡದ ವ್ಯಾಸಂಗಿಗಳು ಈ ಕ್ಷೇತ್ರಕ್ಕೆ ಏನು ಕೊಡಬಲ್ಲರು ಎಂಬ ಪ್ರಶ್ನೆ ಉಳಿದಿದೆ.

೩

ಜನರು ಇನ್ನೊಬ್ಬರ ವರ್ತನೆಗೆ ಕಾರಣವನ್ನು ಹೇಗೆ ಆರೋಪಿಸುತ್ತಾರೆ ಎಂಬ ಅಧ್ಯಯನಕ್ಕೆ ೧೯೫೮ರಲ್ಲಿ ಪ್ರಕಟವಾದ ಫ್ರಿಟ್ಸ್ ಹೈಡರನ ಗ್ರಂಥ ತಳಹದಿಯಾಯಿತು. ಒಂದು ಕ್ರಿಯೆ ನಡೆಯಬೇಕಾದರೆ ‘ಬಲ್ಲ’ ಎಂಬುದು ಬೇಕು, ‘ಯತ್ನಿಸುತ್ತಾನೆ’ ಎಂಬುದೂ ಬೇಕು ಎಂದು ಅವನು ವಿವರಿಸಿದ. ಕ್ರಿಯೆ ನಡೆಯದಿದ್ದಾಗ ನೋಡುವವರು ಇವೆರಡರಲ್ಲಿ ಯಾವುದು ಇಲ್ಲವೆಂದು ಬಗೆಯುತ್ತಾರೋ ಅದರ ಮೇಲೆ ಅವರ ತೀರ್ಪು ನಿಲ್ಲುತ್ತದೆ. ಬರ್ನಾರ್ಡ್ ವೈನರ್ ಇದನ್ನು ಮೂರು ಪ್ರಶ್ನೆಗಳಾಗಿ ವಿಸ್ತರಿಸಿದ. ಕಾರಣ ಒಳಗಿನದೋ ಹೊರಗಿನದೋ? ಸ್ಥಿರವಾದುದೋ ಬದಲಾಗುವುದೋ? ಹತೋಟಿಯಲ್ಲಿರುವುದೋ ಹತೋಟಿ ಮೀರಿದುದೋ? ಹತೋಟಿಯಲ್ಲಿದ್ದೂ ಮಾಡಲಿಲ್ಲವೆಂದು ತೋರಿದರೆ ಸಿಟ್ಟು ಹುಟ್ಟುತ್ತದೆ; ಹತೋಟಿ ಮೀರಿತ್ತೆಂದು ತೋರಿದರೆ ಕನಿಕರ ಹುಟ್ಟುತ್ತದೆ. ಸಿಟ್ಟು ದಂಡನೆಗೆ, ಕನಿಕರ ನೆರವಿಗೆ ದಾರಿ ಮಾಡುತ್ತದೆ.

ಈ ಮೂರು ಪ್ರಶ್ನೆಗಳಿಗೆ ಕನ್ನಡದ ಗಾದೆಗಳು ತಮ್ಮದೇ ಉತ್ತರಗಳನ್ನು ಇಟ್ಟುಕೊಂಡಿವೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬುದು ಕಾರಣವನ್ನು ಒಳಗೆ ಇರಿಸಿ, ಸ್ಥಿರವೆಂದು ಸಾರಿ, ಯಾರ ಹತೋಟಿಗೂ ಸಿಕ್ಕದೆಂದು ಹೇಳುತ್ತದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬುದು ಹತೋಟಿಯನ್ನು ಒಪ್ಪುತ್ತದೆ; ಆದರೆ ಆ ಹತೋಟಿಯನ್ನು ಮಗುವಿನ ಕೈಗೆ ಕೊಡದೆ ಬೆಳೆಸುವವರ ಕೈಗೆ ಕೊಡುತ್ತದೆ, ಅದಕ್ಕೊಂದು ಗಡುವನ್ನೂ ಹಾಕುತ್ತದೆ. ‘ಸಹವಾಸದೋಷದಿಂದ ಸನ್ಯಾಸಿ ಕೆಟ್ಟ’ ಎಂಬುದು ಕಾರಣವನ್ನು ಹೊರಗೆ ಹುಡುಕುತ್ತದೆ. ‘ಮನಸ್ಸಿದ್ದರೆ ಮಾರ್ಗ’ ಎಂಬುದು ಎಲ್ಲವನ್ನೂ ಯತ್ನಕ್ಕೆ ಒಪ್ಪಿಸುತ್ತದೆ. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬುದು ಮಗುವಿನ ಗುಣಕ್ಕೆ ತಾಯಿಯನ್ನೇ ಹೊಣೆಯಾಗಿಸುತ್ತದೆ. ಒಂದೇ ಮನೆಯಲ್ಲಿ ಅಜ್ಜಿ ಮೊದಲನೆಯ ಗಾದೆಯನ್ನೂ ತಂದೆ ನಾಲ್ಕನೆಯದನ್ನೂ ನೆರೆಯವರು ಐದನೆಯದನ್ನೂ ಹೇಳುವುದುಂಟು. ಗಾದೆಗಳು ಪರಸ್ಪರ ವಿರುದ್ಧವೆಂದು ಹಳಿಯಬೇಕಾಗಿಲ್ಲ. ಮನುಷ್ಯರ ನಡತೆಗೆ ಒಂದೇ ಕಾರಣ ಸಾಲದೆಂಬ ಅರಿವು ಜನಪದಕ್ಕೆ ಇತ್ತೆಂಬುದಕ್ಕೆ ಅವು ಸಾಕ್ಷಿ. ಆದರೆ ಸಂಕಟದ ಗಳಿಗೆಯಲ್ಲಿ ಬಾಯಿಗೆ ಬರುವುದು ಒಂದೇ ಗಾದೆ.

೪

ಕಾರಣ ಹೇಳುವ ಬಗೆ ಸಂಸ್ಕೃತಿಯಿಂದ ಸಂಸ್ಕೃತಿಗೆ ಬೇರೆಯಾಗುತ್ತದೆ ಎಂಬುದನ್ನು ತೋರಿಸಿದ ಪ್ರಸಿದ್ಧ ಅಧ್ಯಯನಗಳಲ್ಲೊಂದು ನಡೆದದ್ದು ಕನ್ನಡ ನಾಡಿನಲ್ಲಿಯೇ. ಜೋನ್ ಮಿಲ್ಲರ್ ಅವರು ಷಿಕಾಗೋ ನಗರದ ಅಮೆರಿಕನ್ನರನ್ನೂ ಮೈಸೂರಿನ ಹಿಂದೂಗಳನ್ನೂ ಹೋಲಿಸಿ ೧೯೮೪ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಪರಿಚಿತರ ವರ್ತನೆಗಳಿಗೆ ಕಾರಣವನ್ನು ಹೇಳುವಾಗ ಅಮೆರಿಕದ ವಯಸ್ಕರು ವ್ಯಕ್ತಿಯ ಸ್ವಭಾವವನ್ನು ಹೆಚ್ಚಾಗಿ ಎತ್ತಿಕೊಂಡರು. ಮೈಸೂರಿನ ವಯಸ್ಕರು ಸಂದರ್ಭವನ್ನು, ಸಂಬಂಧವನ್ನು, ಸ್ಥಾನಮಾನವನ್ನು ಎತ್ತಿಕೊಂಡರು. ಎಂಟು, ಹನ್ನೊಂದು, ಹದಿನೈದು ವರ್ಷದ ಮಕ್ಕಳನ್ನೂ ಅವರು ಪ್ರಶ್ನಿಸಿದ್ದರು. ಚಿಕ್ಕ ಮಕ್ಕಳಲ್ಲಿ ಎರಡು ನಾಡುಗಳ ನಡುವೆ ಹೇಳುವಂಥ ವ್ಯತ್ಯಾಸವಿರಲಿಲ್ಲ. ವಯಸ್ಸು ಏರಿದಂತೆ ಅಂತರವೂ ಏರಿತು. ಕಾರಣ ಹೇಳುವುದೂ ನುಡಿಯಂತೆ ಹಿರಿಯರಿಂದ ಕಲಿಯುವ ವಿದ್ಯೆ ಎಂಬುದು ಇದರಿಂದ ತಿಳಿಯುತ್ತದೆ. ತಾಯಿ ತನ್ನ ಮಗುವಿನ ವರ್ತನೆಯನ್ನು ಹೇಗೆ ವಿವರಿಸುತ್ತಾಳೋ, ಮಗು ತನ್ನನ್ನು ತಾನು ಹಾಗೆಯೇ ವಿವರಿಸಿಕೊಳ್ಳಲು ಕಲಿಯುತ್ತದೆ.

ಎ.ಡಿ.ಎಚ್.ಡಿ. ಇರುವ ಮಕ್ಕಳ ತಂದೆತಾಯಿಗಳನ್ನು ಕುರಿತು ಗೋವಾದಲ್ಲಿ ನಡೆದ ಅಧ್ಯಯನವೊಂದು ೨೦೦೭ರಲ್ಲಿ ಪ್ರಕಟವಾಯಿತು. ಚಿಕಿತ್ಸಾಲಯಕ್ಕೆ ಬಂದ ಆ ಕುಟುಂಬಗಳು ಇದನ್ನು ಕಾಯಿಲೆಯೆಂದು ಒಪ್ಪಲು ಹಿಂಜರಿದವು. ಕಲಿಕೆ, ನೆನಪು ಮತ್ತು ಓದಿನ ಮಾತಿನಲ್ಲಿಯೇ ಅವು ತೊಂದರೆಯನ್ನು ಹೇಳಿಕೊಂಡವು. ಕೆನಡಾದಲ್ಲಿ ಷಾರ್ಲೆಟ್ ಜಾನ್‌ಸ್ಟನ್ ಮತ್ತು ಸಂಗಡಿಗರು ೧೯೯೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಮಕ್ಕಳ ತಂದೆತಾಯಿಗಳು ಗಮನಗೇಡಿತನವನ್ನು ಮಗುವಿನ ಹತೋಟಿಯನ್ನು ಮೀರಿದ, ಬದಲಾಗದ ಸಂಗತಿಯೆಂದು ಇತರ ತಂದೆತಾಯಿಗಳಿಗಿಂತ ಹೆಚ್ಚಾಗಿ ತಿಳಿದಿದ್ದರು. ಹಾಗಿದ್ದೂ ಅವರ ಬೇಸರ ಕಡಿಮೆಯಾಗಿರಲಿಲ್ಲ, ಹೆಚ್ಚಾಗಿಯೇ ಇತ್ತು. ಮಗು ಒಳ್ಳೆಯದಾಗಿ ನಡೆದುಕೊಂಡಾಗ ಅದು ಮಗುವಿನದೇ ಗುಣವೆಂದು ಎಣಿಸಲೂ ಅವರು ಹಿಂಜರಿದರು. ‘ಮಗು ಮಾಡಲಾರದು’ ಎಂದು ತಿಳಿದ ಮಾತ್ರಕ್ಕೆ ತಾಯಿಯ ಮನಸ್ಸು ಹಗುರಾಗುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ‘ಲಾರ’ ಎಂಬುದು ಎಂದಿಗೂ ಬದಲಾಗದ ವಿಧಿಯಂತೆ ಕೇಳಿಸಿದರೆ ಅದು ಕನಿಕರಕ್ಕೆ ಬದಲಾಗಿ ಹತಾಶೆಯನ್ನು ತರುತ್ತದೆ.

೫

ಈಗ ಕನ್ನಡದ ವ್ಯಾಕರಣಕ್ಕೆ ಬರಬಹುದು. ಹಳಗನ್ನಡದಲ್ಲಿ ‘ಆರ್’ ಎಂಬ ಧಾತುವಿಗೆ ಶಕ್ತನಾಗು ಎಂಬ ಅರ್ಥ. ‘ಒಲ್’ ಎಂಬ ಧಾತುವಿಗೆ ಒಪ್ಪು, ಬಯಸು ಎಂಬ ಅರ್ಥ. ಅದು ಒಲವು, ಒಲುಮೆಗಳ ಬಳಗಕ್ಕೆ ಸೇರಿದುದು. ಇವೆರಡರ ನಿಷೇಧರೂಪಗಳಾದ ‘ಆರೆ, ಆರ’ ಮತ್ತು ‘ಒಲ್ಲೆ, ಒಲ್ಲ’ ಎಂಬವು ಇನ್ನೊಂದು ಕ್ರಿಯಾಪದಕ್ಕೆ ಹತ್ತಿ ‘ಕೂಡಲಾರ’, ‘ಕೂಡಲೊಲ್ಲ’ ಎಂಬ ರೂಪಗಳಾಗುತ್ತವೆ. ಮೊದಲನೆಯದು ಶಕ್ತಿಯ ಅಭಾವವನ್ನೂ ಎರಡನೆಯದು ಇಚ್ಛೆಯ ಅಭಾವವನ್ನೂ ಹೇಳುತ್ತದೆ. ಹೈಡರ್ ೧೯೫೮ರಲ್ಲಿ ಬಿಡಿಸಿ ತೋರಿಸಿದ ಭೇದವನ್ನು ಕನ್ನಡ ತನ್ನ ಕ್ರಿಯಾರೂಪಗಳಲ್ಲಿಯೇ ಇಟ್ಟುಕೊಂಡಿತ್ತು ಎನ್ನಲು ಅಡ್ಡಿಯಿಲ್ಲ.

ಇಂದಿನ ಆಡುಮಾತಿನಲ್ಲಿ ಈ ಜೋಡಿ ಸಡಿಲಗೊಂಡಿದೆ. ‘ಒಲ್ಲೆ’ ಉತ್ತರ ಕರ್ನಾಟಕದಲ್ಲಿ ಜೀವಂತವಾಗಿದೆ. ದಕ್ಷಿಣದಲ್ಲಿ ಅದು ಬಹುಮಟ್ಟಿಗೆ ಬರಹದ ಮಾತು. ‘ಲಾರ’ ಎಂಬುದು ಬರಹದಲ್ಲಿ ಉಳಿದಿದ್ದರೂ ‘ಅವನು ಇಂದು ಬರಲಾರ’ ಎಂಬಲ್ಲಿ ಶಕ್ತಿಯ ಅರ್ಥವನ್ನು ಬಿಟ್ಟು ಸಂಭವದ ಅರ್ಥಕ್ಕೆ ಜಾರುತ್ತದೆ. ಎರಡರ ಸ್ಥಾನವನ್ನೂ ‘–ವುದಿಲ್ಲ’ ಎಂಬ ಒಂದೇ ರೂಪ, ಆಡುಮಾತಿನಲ್ಲಿ ‘–ಅಲ್ಲ’ ಆಗಿ, ಆಕ್ರಮಿಸಿಕೊಂಡಿದೆ. ‘ಅವನು ಒಂದು ಕಡೆ ಕೂರಲ್ಲ’ ಎಂದು ತಾಯಿ ಹೇಳಿದಾಗ ಅದು ಅಭ್ಯಾಸದ ವರ್ಣನೆಯೂ ಆಗಬಹುದು, ಅಶಕ್ತಿಯ ನಿವೇದನೆಯೂ ಆಗಬಹುದು, ಹಟದ ದೂರೂ ಆಗಬಹುದು. ಕೇಳುವವರು ಸಾಮಾನ್ಯವಾಗಿ ಮೂರನೆಯದನ್ನೇ ಆರಿಸಿಕೊಳ್ಳುತ್ತಾರೆ.

ಆಡುಮಾತಿನಲ್ಲಿ ಅಶಕ್ತಿಯನ್ನು ಸ್ಪಷ್ಟವಾಗಿ ಹೇಳುವ ರೂಪವೇ ಇಲ್ಲವೆಂದಲ್ಲ. ‘ನನ್ನ ಕೈಲಿ ಆಗಲ್ಲ’ ಎಂಬುದು ಅಂಥ ರೂಪ. ಆದರೆ ‘ಕೈಲಾಗದವನು’ ಎಂಬುದು ಕನ್ನಡದಲ್ಲಿ ಬೈಗುಳ. ಅಶಕ್ತಿಯನ್ನು ಒಪ್ಪಿಕೊಳ್ಳುವುದು ಅವಮಾನವನ್ನು ಒಪ್ಪಿಕೊಂಡಂತೆ. ಆದ್ದರಿಂದ ಲೆಕ್ಕದ ಪುಸ್ತಕದ ಮುಂದೆ ಹತ್ತು ನಿಮಿಷ ಒದ್ದಾಡಿದ ಎಂಟು ವರ್ಷದ ಹುಡುಗ ‘ನನ್ನ ಕೈಲಿ ಆಗಲ್ಲಮ್ಮ’ ಎನ್ನುವ ಬದಲು ‘ನಾನು ಮಾಡಲ್ಲ ಹೋಗು’ ಎನ್ನುತ್ತಾನೆ. ಅಶಕ್ತನೆನ್ನಿಸಿಕೊಳ್ಳುವುದಕ್ಕಿಂತ ಯತ್ನಿಸದವನೆನ್ನಿಸಿಕೊಳ್ಳುವುದೇ ಲೇಸೆಂದು ವಿದ್ಯಾರ್ಥಿಗಳು ಬಗೆಯುತ್ತಾರೆ ಎಂಬುದನ್ನು ಮಾರ್ಟಿನ್ ಕವಿಂಗ್ಟನ್ ೧೯೭೦ರ ದಶಕದಲ್ಲಿಯೇ ತೋರಿಸಿದ್ದರು. ಮಗು ತನ್ನ ಮರ್ಯಾದೆಯನ್ನು ಉಳಿಸಿಕೊಳ್ಳಲು ‘ಲಾರೆ’ಯನ್ನು ‘ಒಲ್ಲೆ’ಯ ವೇಷದಲ್ಲಿ ಕಳುಹಿಸುತ್ತದೆ. ತಾಯಿ ವೇಷವನ್ನೇ ನಿಜವೆಂದು ನಂಬಿ ಸಿಟ್ಟಾಗುತ್ತಾಳೆ. ಇಬ್ಬರೂ ತಮ್ಮ ತಮ್ಮ ನೆಲೆಯಲ್ಲಿ ಪ್ರಾಮಾಣಿಕರು. ನಡುವೆ ಒಂದು ಕ್ರಿಯಾಪದ ನಿಂತಿದೆ.

ತಪ್ಪು ನಡೆದ ಮೇಲೆ ಮಗು ಕಾರಣ ಹೇಳುವಾಗ ಬೇರೊಂದು ವ್ಯಾಕರಣ ಕೆಲಸಮಾಡುತ್ತದೆ. ‘ಲೋಟ ಬೀಳಿಸಿದೆ’ ಎಂಬಲ್ಲಿ ‘ಇಸು’ ಪ್ರತ್ಯಯ ಕರ್ತೃವನ್ನು ಹಿಡಿದು ನಿಲ್ಲಿಸುತ್ತದೆ. ‘ಲೋಟ ಬಿದ್ದುಹೋಯಿತು’ ಎಂಬಲ್ಲಿ ಕರ್ತೃವೇ ಮರೆಯಾಗುತ್ತಾನೆ. ‘ಹೋಮ್‌ವರ್ಕ್ ಮರೆತೆ’ ಎಂಬುದಕ್ಕಿಂತ ‘ನನಗೆ ಮರೆತುಹೋಯಿತು’ ಎಂಬುದು ಸಹಜವಾಗಿ ಬರುತ್ತದೆ. ಇಲ್ಲಿ ಅನುಭವಿಸುವವನು ಚತುರ್ಥಿ ವಿಭಕ್ತಿಯಲ್ಲಿ ನಿಂತು, ಮರೆವು ತಾನಾಗಿ ಅವನಿಗೆ ಒದಗುತ್ತದೆ. ‘ಹೊಡೆದೆ’ ಎಂಬುದಕ್ಕೂ ‘ಹೊಡೆದುಬಿಟ್ಟೆ’ ಎಂಬುದಕ್ಕೂ ಇರುವ ಅಂತರ ಇನ್ನೂ ಸೂಕ್ಷ್ಮವಾದುದು: ‘ಬಿಡು’ ಎಂಬ ಸಹಾಯಕ ಕ್ರಿಯೆ ಕೆಲಸ ಮುಗಿದುಹೋಯಿತೆಂಬುದರ ಜೊತೆಗೆ, ಕೈ ತಡೆಯುವ ಮೊದಲೇ ಮುಗಿಯಿತೆಂಬ ಅಳಲನ್ನೂ ಸೂಚಿಸಬಲ್ಲದು. ದುಡುಕು ಎಂಬ ಲಕ್ಷಣವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ರೂಪ ಸಿಗಲಾರದು.

ಹಿರಿಯರು ಇಂಥ ಮಾತನ್ನು ನುಣುಚಿಕೊಳ್ಳುವ ಮಾತೆಂದು ಎಣಿಸುವುದುಂಟು. ‘ಅದು ತಾನಾಗೇ ಬಿತ್ತಾ? ನೀನು ಬೀಳಿಸಿದೆ ಅನ್ನು’ ಎಂದು ತಾಯಿ ತಿದ್ದುವುದು ಮನೆಮನೆಯ ದೃಶ್ಯ. ಕ್ಯಾಟ್ಲಿನ್ ಫಾಸಿ ಮತ್ತು ಲೆರಾ ಬೊರೊಡಿಟ್ಸ್ಕಿ ಅವರು ೨೦೧೧ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಬೇಕೆಂದೇ ಮಾಡಿದ ಕೆಲಸಗಳನ್ನು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಆಡುವವರು ಒಂದೇ ರೀತಿ ಹೇಳಿದರು. ಆಕಸ್ಮಿಕಗಳನ್ನು ಹೇಳುವಾಗ ಮಾತ್ರ ಇಂಗ್ಲಿಷಿನವರು ಕರ್ತೃವನ್ನು ಹೆಚ್ಚಾಗಿ ಹೆಸರಿಸಿದರು, ಅವನನ್ನು ಹೆಚ್ಚಾಗಿ ನೆನಪಿಟ್ಟುಕೊಂಡರು. ಕರ್ತೃವಿಲ್ಲದ ವಾಕ್ಯ ಸುಳ್ಳಿನ ವಾಕ್ಯವಲ್ಲ. ಆಕಸ್ಮಿಕವನ್ನು ಹೇಳಲು ಅನೇಕ ಭಾಷೆಗಳು ಇಟ್ಟುಕೊಂಡ ಸಾಧನ ಅದು. ಪಾಣಿನಿ ಕರ್ತೃವನ್ನು ಲಕ್ಷಣಿಸುವಾಗ ಕ್ರಿಯೆಯಲ್ಲಿ ಸ್ವತಂತ್ರನಾದವನು ಎನ್ನುತ್ತಾನೆ. ಅವನನ್ನು ಪ್ರೇರಿಸುವವನಿಗೆ ಹೇತು ಎಂಬ ಹೆಸರೂ ಉಂಟೆನ್ನುತ್ತಾನೆ. ತನ್ನ ಕೈಯನ್ನು ತಡೆಯಲಾರದ ಮಗು ಆ ಗಳಿಗೆಯಲ್ಲಿ ಎಷ್ಟು ಮಟ್ಟಿಗೆ ಸ್ವತಂತ್ರ ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ತಾಯಿಯ ಬಳಿ ಒಂದು ಪ್ರಬಲವಾದ ಆಕ್ಷೇಪವಿದೆ. ‘ಟಿ.ವಿ. ಮುಂದೆ ಒಂದು ಗಂಟೆ ಅಲುಗಾಡದೆ ಕೂರ್ತಾನಲ್ಲ, ಆವಾಗ ಹೇಗೆ ಬರುತ್ತೆ ಗಮನ?’ ಎಂದು ಅವಳು ಕೇಳುತ್ತಾಳೆ. ಆಕ್ಷೇಪ ನ್ಯಾಯವಾದುದೇ. ಈ ತೊಂದರೆಯಲ್ಲಿ ಗಮನ ಇಲ್ಲವಾಗುವುದಿಲ್ಲ. ಅದನ್ನು ಬೇಕಾದೆಡೆಗೆ ತಿರುಗಿಸಿ ನಿಲ್ಲಿಸುವ ಶಕ್ತಿ ಕುಂದಿರುತ್ತದೆ. ಕ್ಷಣಕ್ಷಣಕ್ಕೂ ಹೊಸತನ್ನು ಕೊಡುವ ಟಿ.ವಿ. ಆ ಶಕ್ತಿಯನ್ನು ಬೇಡುವುದಿಲ್ಲ, ಲೆಕ್ಕದ ಪುಸ್ತಕ ಬೇಡುತ್ತದೆ. ರಸೆಲ್ ಬಾರ್ಕ್ಲಿ ೧೯೯೭ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಇಲ್ಲಿ ಕೊರತೆಯಿರುವುದು ತನ್ನನ್ನು ತಡೆದುಕೊಳ್ಳುವುದರಲ್ಲಿ. ಮಗುವಿಗೆ ಏನು ಮಾಡಬೇಕೆಂಬುದು ಗೊತ್ತಿರುತ್ತದೆ, ಗೊತ್ತಿದ್ದುದನ್ನು ತಕ್ಕ ಗಳಿಗೆಯಲ್ಲಿ ಮಾಡುವುದು ಕಷ್ಟವಾಗುತ್ತದೆ. ಕನ್ನಡದ ‘ಬಲ್ಲ’ ಎಂಬ ಪದ ಅರಿವನ್ನೂ ಶಕ್ತಿಯನ್ನೂ ಒಟ್ಟಿಗೆ ಹೇಳುತ್ತದೆ. ಈ ಮಗುವಿನಲ್ಲಿ ಅವೆರಡೂ ಬೇರೆಯಾಗಿವೆ. ಅದು ಬಲ್ಲದು, ಆದರೂ ಆ ಗಳಿಗೆಯಲ್ಲಿ ಮಾಡಲಾರದು.

೬

ವ್ಯಾಕರಣದಂತೆ ಶಬ್ದಾರ್ಥಗಳ ಚರಿತ್ರೆಯೂ ಈ ವಿಷಯದಲ್ಲಿ ಮಾತಾಡುತ್ತದೆ. ‘ಚೇಷ್ಟೆ’ ಎಂಬುದಕ್ಕೆ ಸಂಸ್ಕೃತದಲ್ಲಿ ಚಲನೆ, ದೇಹದ ವ್ಯಾಪಾರ ಎಂಬ ಅರ್ಥ. ಕನ್ನಡದ ಬಳಕೆಯಲ್ಲಿ ಅದು ಕೀಟಲೆಯಾಗಿದೆ. ಮೈ ಅಲುಗಿದ್ದೇ ತಪ್ಪಾದ ಕಥೆ ಈ ಒಂದು ಪದದಲ್ಲಿದೆ. ‘ಅಲಕ್ಷ್ಯ’ ಎಂಬಲ್ಲಿ ಲಕ್ಷ್ಯವಿಲ್ಲದಿರುವುದೂ ತಾತ್ಸಾರವೂ ಕೂಡಿಕೊಂಡಿವೆ. ‘ಅಸಡ್ಡೆ’ ಎಂಬುದು ‘ಅಶ್ರದ್ಧೆ’ಯ ತದ್ಭವ, ಗಮನವಿಲ್ಲದವನನ್ನು ಶ್ರದ್ಧೆಯಿಲ್ಲದವನೆಂದು ಅದು ನಿರ್ಣಯಿಸಿಬಿಡುತ್ತದೆ. ಇದಕ್ಕೆ ಎದುರಾಗಿ ‘ಗಮನ’ ಎಂಬುದರ ಮೂಲಾರ್ಥ ಹೋಗುವಿಕೆ. ಮನಸ್ಸು ವಸ್ತುವಿನ ಬಳಿಗೆ ಹೋಗಬೇಕು. ಹೋಗುವುದು ನಿಲ್ಲುವುದಕ್ಕೆ ಸಮವಲ್ಲವೆಂಬ ಎಚ್ಚರ ಆ ಪದದಲ್ಲಿಯೇ ಇದೆ. ವಚನಕಾರರು ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೋತಿಗೆ ಹೋಲಿಸಿದ್ದು ಎಲ್ಲ ಮನುಷ್ಯರ ಮನಸ್ಸನ್ನು ಕುರಿತು, ಮೊದಲಿಗೆ ತಮ್ಮ ಮನಸ್ಸನ್ನು ಕುರಿತು. ಚಾಂಚಲ್ಯವನ್ನು ಇನ್ನೊಬ್ಬರ ದೋಷವೆಂದು ಅವರು ತೋರಿಸಲಿಲ್ಲ.

ಮಾನೇಸರಿನಂಥ ಊರಿನಲ್ಲಿ ಈ ಪ್ರಶ್ನೆ ಇನ್ನೂ ಜಟಿಲವಾಗುತ್ತದೆ. ಕಾರ್ಖಾನೆಯ ಕೆಲಸಕ್ಕಾಗಿ ಕರ್ನಾಟಕದಿಂದ ಅಲ್ಲಿಗೆ ಹೋದ ಒಂದು ಕುಟುಂಬವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ತಂದೆಗೆ ಪಾಳಿಯ ಕೆಲಸ, ಅಜ್ಜಿ ಊರಿನಲ್ಲಿ, ಮಗುವಿನ ಬೆನ್ನ ಹಿಂದೆ ಓಡುವವಳು ತಾಯಿಯೊಬ್ಬಳೇ. ಶಾಲೆಯ ಡೈರಿಯಲ್ಲಿ ಹಿಂದಿಯಲ್ಲಿ ‘ಧ್ಯಾನ್ ನಹೀ ದೇತಾ’ ಎಂದು ಬರೆದು ಬರುತ್ತದೆ. ಕನ್ನಡದ ಕಿವಿಗೆ ಧ್ಯಾನವೆಂದರೆ ದೇವರ ಮುಂದೆ ಕಣ್ಣುಮುಚ್ಚಿ ಕೂಡುವುದು; ಹಿಂದಿಯಲ್ಲಿ ಅದು ದಿನನಿತ್ಯದ ಗಮನ. ‘ದೇತಾ’ ಎಂಬ ಕ್ರಿಯಾಪದ ಗಮನವನ್ನು ಕೊಡಬಹುದಾದ, ಕೊಡದೆ ಇಟ್ಟುಕೊಳ್ಳಬಹುದಾದ ವಸ್ತುವನ್ನಾಗಿ ಮಾಡುತ್ತದೆ. ಕನ್ನಡದ ‘ಗಮನ ಕೊಡುವುದಿಲ್ಲ’ ಎಂಬುದೂ ಹೀಗೆಯೇ. ಆಟದ ಬಯಲಿನಲ್ಲಿ ಮಗು ‘ಶರಾರತ್’, ‘ಶೈತಾನಿ’ ಎಂಬ ಮಾತುಗಳನ್ನು ಕೇಳುತ್ತದೆ. ಅರಬ್ಬಿ ಮೂಲದ ಈ ಪದಗಳ ಬೇರಿನಲ್ಲಿ ಕೇಡಿನ ಅರ್ಥವಿದೆ. ಬಳಕೆಯಲ್ಲಿ ಅವು ಮೆದುವಾಗಿವೆ, ಮು‌ದ್ದಿನ ಮಾತೂ ಆಗಿವೆ. ಆದರೂ ಹಿಂದಿಯನ್ನು ಹೊಸದಾಗಿ ಕಲಿಯುತ್ತಿರುವ ತಾಯಿಗೆ ತನ್ನ ಮಗನನ್ನು ಶೈತಾನನೆಂದದ್ದು ಎದೆಗೆ ತಾಗುತ್ತದೆ. ಸಂಜೆ ದೂರವಾಣಿಯಲ್ಲಿ ಅಜ್ಜಿ ‘ನಿನ್ನ ಗಂಡನೂ ಚಿಕ್ಕಂದಿನಲ್ಲಿ ಹೀಗೇ ಇದ್ದ ಕಣಮ್ಮ, ತಾನಾಗೇ ಸರಿಹೋಗುತ್ತೆ ಬಿಡು’ ಎನ್ನುತ್ತಾಳೆ. ಈ ಮಾತಿನ ಮೊದಲರ್ಧದಲ್ಲಿ ಅನುವಂಶೀಯತೆಯ ಸತ್ಯ ಅಡಗಿದೆ. ಎರಡನೆಯ ಅರ್ಧ ಸಾಂತ್ವನ. ಅದು ಕೆಲವೊಮ್ಮೆ ನೆರವನ್ನು ತಡಮಾಡಿಸುತ್ತದೆ.

ಮಾನೇಸರಿನ ದಕ್ಷಿಣಕ್ಕೆ ಕೆಲವು ಗಂಟೆಗಳ ಪ್ರಯಾಣದಲ್ಲಿ ವ್ರಜಭೂಮಿಯಿದೆ. ಸೂರದಾಸನ ಪದಗಳಲ್ಲಿ ಬಾಲಕೃಷ್ಣ ಬೆಣ್ಣೆ ಕದ್ದು ಸಿಕ್ಕಿಬಿದ್ದಾಗ ಗೆಳೆಯರೇ ತನ್ನ ಬಾಯಿಗೆ ಬಳಿದರೆಂದು ಕಾರಣ ಹೇಳುತ್ತಾನೆ. ಕನ್ನಡದ ಹರಿದಾಸರ ಕೀರ್ತನೆಗಳಲ್ಲಿಯೂ ಗೋಪಿಯರ ದೂರು, ಯಶೋದೆಯ ತಳಮಳ, ಮಗನ ಸಮರ್ಥನೆ ಎಂಬ ಮೂರು ದನಿಗಳಿವೆ. ನೆರೆಯವರು ಕಾರಣವನ್ನು ಮಗುವಿನ ಒಳಗೆ ಇಡುತ್ತಾರೆ. ಮಗು ಹೊರಗೆ ಇಡುತ್ತದೆ. ತಾಯಿ ಇವೆರಡರ ನಡುವೆ ತೂಗಾಡುತ್ತಾಳೆ. ಈ ತೂಗಾಟವನ್ನು ಹಾಡಿನ ವಸ್ತುವಾಗಿಸಿದ್ದು ಆ ಕವಿಗಳ ಹಿರಿಮೆ. ದೇವರ ಮಗುವಿನ ತುಂಟತನಕ್ಕೆ ‘ಲೀಲೆ’ ಎಂಬ ಹೆಸರು ಸಿಕ್ಕಿತು. ಪಕ್ಕದ ಮನೆಯ ಮಗುವಿನದಕ್ಕೆ ‘ಚೇಷ್ಟೆ’ ಎಂಬುದೇ ಉಳಿಯಿತು. ಕೃಷ್ಣನಿಗೆ ಇಂದಿನ ರೋಗನಾಮವನ್ನು ಹಚ್ಚುವುದು ಹಾಸ್ಯಾಸ್ಪದವಾದೀತು. ಆದರೆ ಹೆಸರು ಬದಲಾದಂತೆ ನೋಡುವ ಕಣ್ಣೂ ಬದಲಾಗುತ್ತದೆ ಎಂಬ ಪಾಠ ಅಲ್ಲಿದೆ.

೭

ಕೊನೆಯದಾಗಿ, ಈ ವಿವೇಚನೆಯ ಪ್ರಯೋಜನವನ್ನು ಕುರಿತು ಹೇಳಬೇಕು. ಎ.ಡಿ.ಎಚ್.ಡಿ.ಯನ್ನು ಗುರುತಿಸಲು ಬಳಸುವ ಪ್ರಶ್ನಾವಳಿಗಳು ಬಹುಮಟ್ಟಿಗೆ ಇಂಗ್ಲಿಷಿನಿಂದ ಬಂದವು. ನೇರವಾಗಿ ಮಾತನಾಡಿಸಿದಾಗಲೂ ಮಗು ಆಲಿಸುತ್ತಿಲ್ಲವೆಂದು ತೋರುತ್ತದೆಯೇ ಎಂಬುದು ಗಮನದ ಕೊರತೆಯ ಒಂದು ಲಕ್ಷಣ. ಇದನ್ನು ಕನ್ನಡಿಸುವಾಗ ಮೊದಲು ನೆನಪಿಗೆ ಬರುವ ವಾಕ್ಯ ‘ಹೇಳಿದ ಮಾತು ಕೇಳುವುದಿಲ್ಲ’. ಆದರೆ ಕನ್ನಡದಲ್ಲಿ ‘ಮಾತು ಕೇಳುವುದಿಲ್ಲ’ ಎಂದರೆ ವಿಧೇಯನಲ್ಲ ಎಂದರ್ಥ. ಹಾಗೆ ಅನುವಾದಿಸಿದರೆ ಗಮನದ ಲಕ್ಷಣ ಉದ್ಧಟತನದ ಲಕ್ಷಣವಾಗಿ ಮಾರ್ಪಡುತ್ತದೆ. ಹಟಮಾರಿ ಮಗುವಿನ ತಾಯಿಯೂ ಹೌದೆನ್ನುತ್ತಾಳೆ, ಕನಸಿನಲ್ಲಿರುವಂತೆ ಸುಮ್ಮನೆ ಕುಳಿತ ಹುಡುಗಿಯ ತಾಯಿ ಇಲ್ಲವೆನ್ನುತ್ತಾಳೆ. ಆ ಹುಡುಗಿಗೆ ದೊರೆಯಬೇಕಾದ ನೆರವು ಒಂದು ಕ್ರಿಯಾಪದದ ದೆಸೆಯಿಂದ ತಪ್ಪುತ್ತದೆ. ‘ಮಾತನಾಡಿಸಿದಾಗ ಮನಸ್ಸು ಬೇರೆಲ್ಲೋ ಇರುವಂತೆ ಕಾಣುತ್ತದೆಯೇ?’ ಎಂದು ಕೇಳಿದರೆ ಅರ್ಥ ಉಳಿಯುತ್ತದೆ. ಕೆಲಸವನ್ನು ಪೂರ್ತಿಗೊಳಿಸದಿರುವುದು ಇನ್ನೊಂದು ಲಕ್ಷಣ. ಅದು ಹಟದಿಂದಾಗಲಿ ಅರ್ಥವಾಗದ್ದರಿಂದಾಗಲಿ ಆದುದಲ್ಲವೆಂದು ಖಚಿತಪಡಿಸಿಕೊಳ್ಳಬೇಕಾಗುತ್ತದೆ. ‘ಮುಗಿಸುವುದಿಲ್ಲ’ ಎಂಬ ಕನ್ನಡ ರೂಪ ಈ ಖಚಿತತೆಯನ್ನು ಕೊಡಲಾರದು. ‘ಮುಗಿಸಬೇಕೆಂದು ಹೊರಟರೂ ಮುಗಿಸಲು ಆಗುವುದಿಲ್ಲವೇ?’ ಎಂಬ ರೂಪ ಕೊಡಬಲ್ಲದು. ಕುಂದಾಪುರ, ಧಾರವಾಡ, ಚಾಮರಾಜನಗರ, ಕಾಸರಗೋಡುಗಳ ಮನೆಮಾತಿನಲ್ಲಿ ಈ ಪ್ರಶ್ನೆಗಳು ಹೇಗೆ ಕೇಳಿಸುತ್ತವೆ ಎಂಬುದನ್ನೂ ಪರೀಕ್ಷಿಸಬೇಕು. ಇದು ವೈದ್ಯರೊಬ್ಬರಿಂದ ಆಗುವ ಕೆಲಸವಲ್ಲ. ವ್ಯಾಕರಣವನ್ನೂ ಉಪಭಾಷೆಗಳನ್ನೂ ಬಲ್ಲ ಕನ್ನಡ ವಿಭಾಗಗಳು ಇದರಲ್ಲಿ ಕೈಜೋಡಿಸಬೇಕು. ಮಾನೇಸರಿನ ಪ್ರಯೋಗಾಲಯ ಓದಿನ ಪರೀಕ್ಷೆಗೆ ಕನ್ನಡವನ್ನು ಆರಿಸಿಕೊಂಡು ಒಂದು ದಾರಿ ತೋರಿಸಿದೆ.

ಕಾನೂನಿನ ದೃಷ್ಟಿಯಿಂದಲೂ ಈ ಎಚ್ಚರ ಅಗತ್ಯ. ೨೦೧೬ರ ವಿಕಲಚೇತನರ ಹಕ್ಕುಗಳ ಅಧಿನಿಯಮ ೨೧ ಬಗೆಯ ವೈಕಲ್ಯಗಳನ್ನು ಗುರುತಿಸಿ, ನಿರ್ದಿಷ್ಟ ಕಲಿಕಾ ತೊಂದರೆಗಳನ್ನು ಆ ಪಟ್ಟಿಗೆ ಸೇರಿಸಿತು, ಎ.ಡಿ.ಎಚ್.ಡಿ.ಯನ್ನು ಅದರಲ್ಲಿ ಪ್ರತ್ಯೇಕವಾಗಿ ಹೆಸರಿಸಿಲ್ಲ. ಹೀಗಾಗಿ ಈ ಮಕ್ಕಳ ಪಾಲಿಗೆ ಮನೆಯ ಮತ್ತು ಶಾಲೆಯ ತಿಳಿವಳಿಕೆಯೇ ಮೊದಲ ಆಸರೆ. ಆರು ವರ್ಷಕ್ಕಿಂತ ಚಿಕ್ಕ ಮಕ್ಕಳಲ್ಲಿ ಔಷಧಕ್ಕೆ ಮೊದಲು ತಂದೆತಾಯಿಗಳಿಗೆ ತರಬೇತಿ ಕೊಡಬೇಕೆಂದು ವೈದ್ಯಸಂಘಗಳು ಸೂಚಿಸುತ್ತವೆ. ಕೆಲಸವನ್ನು ತುಂಡುತುಂಡಾಗಿ ಮಾಡಿ ಕೊಡುವುದು, ಒಂದು ಸಲಕ್ಕೆ ಒಂದೇ ಮಾತು ಹೇಳುವುದು, ಮಾಡಿದೊಡನೆ ಮೆಚ್ಚುವುದು ಇವು ಆ ತರಬೇತಿಯ ತಿರುಳು. ದೊಡ್ಡ ಮಕ್ಕಳಿಗೆ ಔಷಧವೂ ನೆರವಾಗುತ್ತದೆ. ಈ ಎಲ್ಲವೂ ಫಲ ಕೊಡಬೇಕಾದರೆ ತಾಯಿ ಮೊದಲು ಮಗುವಿನ ‘ಮಾಡಲ್ಲ’ದೊಳಗಿನ ‘ಆಗಲ್ಲ’ವನ್ನು ಕೇಳಿಸಿಕೊಳ್ಳಬೇಕು. ಅವಳ ‘ಇವನು ಕೂರಲ್ಲ’ ಎಂಬ ದೂರಿನೊಳಗೆ ‘ನನ್ನ ಕೈಲೂ ಆಗುತ್ತಿಲ್ಲ’ ಎಂಬ ಮಾತಿರುವುದನ್ನು ಗಂಡ, ಅತ್ತೆ ಮತ್ತು ಶಿಕ್ಷಕರು ಕೇಳಿಸಿಕೊಳ್ಳಬೇಕು.

‘ಒಲ್ಲ’ ಎಂದು ತೀರ್ಪು ಕೊಟ್ಟರೆ ಮಗು ಅಪರಾಧಿಯಾಗುತ್ತದೆ. ‘ಎಂದಿಗೂ ಆರ’ ಎಂದು ತೀರ್ಪು ಕೊಟ್ಟರೆ ಅಸಹಾಯಕವಾಗುತ್ತದೆ. ‘ಈಗ ಆರ, ನೆರವಿದ್ದರೆ ಬಲ್ಲ’ ಎಂಬ ವಾಕ್ಯ ಈ ಎರಡರ ನಡುವಣ ದಾರಿ. ಆ ವಾಕ್ಯಕ್ಕೆ ಬೇಕಾದ ಮೂರು ಕ್ರಿಯಾಪದಗಳನ್ನೂ ಕನ್ನಡ ಸಾವಿರ ವರ್ಷಕ್ಕೂ ಮಿಕ್ಕು ಕಾಪಾಡಿಕೊಂಡು ಬಂದಿದೆ. ಅವುಗಳನ್ನು ಬಳಸುವುದು ಉಳಿದಿದೆ.